ಹಳೆಯ ಕುರ್ಚಿ, ಹೊಸ ಮೈ: ಅಮೆರಿಕದ ಮರಗೆಲಸದ ಕತೆ



ಮನೆ ಎಂದ ಮೇಲೆ ಅಲ್ಲಿ ಒಂದಾದರೂ ಹಳೆಯ ಮರದ ಸಾಮಾನು ಇದ್ದೇ ಇರುತ್ತದೆ. ಅಜ್ಜನ ಕಾಲದ ಆರಾಮಕುರ್ಚಿಯೋ, ನವಾರಿನ ಮಂಚವೋ, ಒಂದು ಕಾಲು ಅಲುಗಾಡುವ ಮೇಜೋ ಇರಬಹುದು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಮಕ್ಕಳ ಮದುವೆ ಗೊತ್ತಾದಾಗ, ಅಣ್ಣತಮ್ಮಂದಿರು ಪಾಲಾಗುವಾಗ ಅದರ ಮಾತು ಬಂದೇ ಬರುತ್ತದೆ. ಇಟ್ಟುಕೊಳ್ಳುವುದೋ, ಗುಜರಿಗೆ ಹಾಕುವುದೋ, ಬಡಗಿಯನ್ನು ಕರೆಸಿ ಬೇರೆ ರೂಪ ಕೊಡಿಸುವುದೋ ಎಂದು ಮನೆಯವರೆಲ್ಲ ಕೂತು ಚರ್ಚಿಸುತ್ತಾರೆ. ಕೊನೆಗೆ ಹೆಚ್ಚಿನ ಮನೆಗಳಲ್ಲಿ ಗೆಲ್ಲುವುದು ಗುಜರಿಯೇ.

ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶವೊಂದಿದೆ. ಅದು ಅಮೆರಿಕ. ಹೊಸತನಕ್ಕೆ ಹಾತೊರೆಯುವ ದೇಶವೆಂದು ನಾವು ತಿಳಿದಿರುವ ಅಮೆರಿಕದಲ್ಲಿ ಇನ್ನೂರು, ಇನ್ನೂರೈವತ್ತು ವರ್ಷ ಹಳೆಯ ಕುರ್ಚಿಗಳ ಅಚ್ಚು ಇನ್ನೂ ಅಳಿದಿಲ್ಲ. ಒಂದೊಂದು ತಲೆಮಾರೂ ಅವನ್ನು ಎತ್ತಿಕೊಂಡು ತನಗೆ ಬೇಕಾದಂತೆ ಮತ್ತೆ ಮಾಡಿದೆ. ಕೆಲವರು ಚೆನ್ನಾಗಿ ಮಾಡಿದರು, ಕೆಲವರು ಹೆಸರನ್ನಷ್ಟೇ ಉಳಿಸಿಕೊಂಡು ಹುರುಳನ್ನು ಬಿಟ್ಟರು. ಯಾರು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂಬುದನ್ನು ತಿಳಿದರೆ ನಮ್ಮ ಮನೆಯ ಹಳೆಯ ಮಂಚದ ಬಗೆಗೂ ಒಂದು ತೀರ್ಮಾನಕ್ಕೆ ಬರಬಹುದು. ಇಂದಿನ ಮಾತು ಆ ಕುರಿತು.

ಮೊದಲಿಗೆ ವಿಂಡ್ಸರ್ ಕುರ್ಚಿಯನ್ನು ನೋಡೋಣ. ಇದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 18ನೆಯ ಶತಮಾನದ ನಡುವಿಗೆ ಫಿಲಡೆಲ್ಫಿಯಾದ ಬಡಗಿಗಳು ಇದನ್ನು ತಮ್ಮದಾಗಿಸಿಕೊಂಡರು. ಅಮೆರಿಕದ ಸ್ವಾತಂತ್ರ್ಯ ಘೋಷಣೆ ಅಂಗೀಕಾರವಾದ ಆ ಊರಿನ ಸಭಾಭವನದಲ್ಲಿ ಪ್ರತಿನಿಧಿಗಳು ಕುಳಿತದ್ದು ಇಂಥ ಕುರ್ಚಿಗಳಲ್ಲಿ. ಆದರೆ ಇದು ದೊಡ್ಡವರ ಕುರ್ಚಿಯೇನಲ್ಲ. ರೈತನ ಅಡುಗೆಮನೆ, ಹೋಟೆಲಿನ ಪಡಸಾಲೆ, ಶಾಲೆ ಎಲ್ಲೆಲ್ಲೂ ಇದೇ ಇತ್ತು.

ಸಾಮಾನ್ಯ ಕುರ್ಚಿಯಲ್ಲಿ ಹಿಂದಿನ ಎರಡು ಕಾಲುಗಳೇ ಮೇಲೆ ಬೆಳೆದು ಬೆನ್ನಾಗುತ್ತವೆ. ವಿಂಡ್ಸರಿನಲ್ಲಿ ಹಾಗಿಲ್ಲ. ಅಲ್ಲಿ ಕೂರುವ ದಪ್ಪ ಹಲಗೆಯೇ ಎಲ್ಲಕ್ಕೂ ಆಧಾರ. ಕೆಳಗಿನಿಂದ ನಾಲ್ಕು ಕಾಲುಗಳು ಅದಕ್ಕೆ ತೂರಿಕೊಳ್ಳುತ್ತವೆ, ಮೇಲಿನಿಂದ ಬೆನ್ನಿನ ಸಣ್ಣ ಕಡ್ಡಿಗಳು ತೂರಿಕೊಳ್ಳುತ್ತವೆ. ಒಂದೊಂದು ಅಂಗಕ್ಕೂ ಒಂದೊಂದು ಜಾತಿಯ ಮರ. ಹಲಗೆಗೆ ಪೈನ್‌ನಂಥ ಮೆತ್ತನೆಯ ಮರ. ಅದನ್ನು ತೋಡಿ ಮೈಗೆ ಒಗ್ಗುವಂತೆ ಮಾಡುವುದು ಸುಲಭ. ಕಾಲುಗಳಿಗೆ ಮೇಪಲ್ ಎಂಬ ಗಟ್ಟಿ ಮರ, ಲೇತಿನಲ್ಲಿ ಚೆನ್ನಾಗಿ ಕಡೆಯಲು ಬರುತ್ತದೆ. ಬೆನ್ನಿನ ಕಡ್ಡಿಗಳಿಗೆ ಮತ್ತು ಬಾಗಿದ ಚೌಕಟ್ಟಿಗೆ ಹಿಕರಿ, ಆ್ಯಶ್ ಅಥವಾ ಓಕ್. ಇವನ್ನು ಗರಗಸದಿಂದ ಕೊಯ್ಯುವುದಿಲ್ಲ. ಸೌದೆ ಸೀಳುವಂತೆ ನಾರಿನ ಗುಂಟ ಸೀಳುತ್ತಾರೆ. ನಾರು ತುಂಡಾಗದೆ ಉದ್ದಕ್ಕೂ ಉಳಿಯುವುದರಿಂದ ಕಡ್ಡಿ ಬೆರಳಿನಷ್ಟು ಸಣ್ಣದಾದರೂ ಮುರಿಯುವುದಿಲ್ಲ, ಒರಗಿದಾಗ ತುಸು ಬಾಗಿ ಬೆನ್ನಿಗೆ ಹಿತವಾಗುತ್ತದೆ.

ಕಾಲು ಕಳಚದಂತೆ ಮಾಡುವ ಉಪಾಯ ಇನ್ನೂ ಜಾಣತನದ್ದು. ಹಲಗೆಯಲ್ಲಿ ತುಸು ಹಸಿ ಇರುವಾಗಲೇ ತೂತು ಕೊರೆದು, ಚೆನ್ನಾಗಿ ಒಣಗಿಸಿದ ಕಾಲಿನ ತುದಿಯನ್ನು ಅದರೊಳಗೆ ಬಡಿಯುತ್ತಾರೆ. ದಿನ ಕಳೆದಂತೆ ಹಲಗೆ ಒಣಗಿ ಕುಗ್ಗಿ ಕಾಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಣಗಿದ ತುದಿಯೋ ಗಾಳಿಯ ತೇವ ಹೀರಿ ಕೊಂಚ ಉಬ್ಬುತ್ತದೆ. ಮೇಲಿನಿಂದ ಒಂದು ಬೆಣೆ ಹೊಡೆದರೆ ಮುಗಿಯಿತು, ಮೊಳೆಯ ಹಂಗಿಲ್ಲ. ಮೂರು ನಾಲ್ಕು ಜಾತಿಯ ಮರ ಸೇರಿ ಬಣ್ಣ ಹೊಂದದ ಕಾರಣ ಇಡೀ ಕುರ್ಚಿಗೆ ಹಸುರು ಅಥವಾ ಕಪ್ಪು ಬಣ್ಣ ಬಳಿಯುತ್ತಿದ್ದರು.

ಇದರ ಹೊಸ ಅವತಾರ ಹೇಗಿದೆ? 1972ರಲ್ಲಿ ಥಾಮಸ್ ಮೋಸರ್ ಎಂಬ ಕಾಲೇಜು ಅಧ್ಯಾಪಕರು ಕೆಲಸ ಬಿಟ್ಟು ಮೇನ್ ರಾಜ್ಯದ ನ್ಯೂ ಗ್ಲಾಸ್ಟರ್ ಎಂಬ ಹಳ್ಳಿಯಲ್ಲಿ ಮರಗೆಲಸದ ಅಂಗಡಿ ತೆರೆದರು. ಅವರು ವಿಂಡ್ಸರಿನ ಮೈಕಟ್ಟನ್ನು ಹಾಗೆಯೇ ಉಳಿಸಿಕೊಂಡರು. ಬಣ್ಣವನ್ನು ಮಾತ್ರ ಬಿಟ್ಟರು. ಕೂರುವ ಹಲಗೆಗೆ ಕೆಂಗಂದು ಚೆರಿ ಮರ, ಕಡ್ಡಿಗಳಿಗೆ ಬಿಳುಪಾದ ಆ್ಯಶ್ ಮರ ಹಾಕಿ, ಎರಡು ಮರಗಳ ಬಣ್ಣದ ವ್ಯತ್ಯಾಸವನ್ನೇ ಅಂದವಾಗಿ ತೋರಿಸಿದರು. ಕಡೆದ ಕಾಲುಗಳ ಉಂಗುರ, ಗುಬ್ಬಿಗಳನ್ನೆಲ್ಲ ತೆಗೆದು ನುಣುಪು ಮಾಡಿದರು. ಹಿಂದಿನವರು ಮುಚ್ಚಿಟ್ಟದ್ದನ್ನು ಇವರು ತೆರೆದಿಟ್ಟರು, ಆದರೆ ಕುರ್ಚಿಯನ್ನು ನಿಲ್ಲಿಸುವ ಉಪಾಯಕ್ಕೆ ಕೈ ಹಚ್ಚಲಿಲ್ಲ.

ಅದೇ ನ್ಯೂ ಗ್ಲಾಸ್ಟರಿನಲ್ಲಿ ಇನ್ನೊಂದು ಕತೆಯೂ ಇದೆ. ಅದು ಶೇಕರ್ ಎಂಬ ಕ್ರೈಸ್ತ ಪಂಥದವರ ಕತೆ. 1774ರಲ್ಲಿ ಆ್ಯನ್ ಲೀ ಎಂಬ ಮಹಿಳೆ ಕೆಲವೇ ಅನುಯಾಯಿಗಳೊಡನೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದರು. ಇವರ ಪಂಥದಲ್ಲಿ ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ಗಂಡು ಹೆಣ್ಣು ಸಮಾನರು. ಪ್ರಾರ್ಥನೆಯ ವೇಳೆ ಭಾವಾವೇಶದಿಂದ ಮೈ ಅಲುಗಿಸಿ ಕುಣಿಯುತ್ತಿದ್ದುದರಿಂದ 'ನಡುಗುವವರು' ಎಂಬ ಅರ್ಥದ ಹೆಸರು ಬಂತು. ಕೈಯಲ್ಲಿ ಮಾಡುವ ಕೆಲಸವೂ ಪೂಜೆಯೇ ಎಂದು ಅವರು ನಂಬಿದ್ದರು. ನಮ್ಮ ಶರಣರ ಕಾಯಕದ ಮಾತು ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ.

ಶೇಕರರ ಕುರ್ಚಿ ನೋಡಲು ಬಡಕಲು. ನೆಟ್ಟನೆಯ ಎರಡು ಹಿಂಗಾಲು, ನಡುವೆ ಏಣಿಯ ಮೆಟ್ಟಿಲಿನಂತೆ ಮೂರು ನಾಲ್ಕು ಅಡ್ಡಪಟ್ಟಿ. ಕೂರುವ ಜಾಗಕ್ಕೆ ಬಣ್ಣದ ಬಟ್ಟೆಯ ಪಟ್ಟಿಯನ್ನು ಅಡ್ಡ ಉದ್ದ ಹೆಣೆಯುತ್ತಿದ್ದರು. ನವಾರಿನ ಮಂಚ ಕಂಡವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಏಕೆಂದರೆ ಗೋಡೆಯುದ್ದಕ್ಕೂ ತಲೆಯ ಎತ್ತರದಲ್ಲಿ ಗೂಟ ಹೊಡೆದ ಒಂದು ಪಟ್ಟಿ ಇರುತ್ತಿತ್ತು. ಕಸ ಗುಡಿಸುವಾಗ ಕುರ್ಚಿಗಳನ್ನೆಲ್ಲ ಎತ್ತಿ ಆ ಗೂಟಗಳಿಗೆ ನೇತುಹಾಕುತ್ತಿದ್ದರು. ಕೂರುವ ಕಡೆ ಧೂಳು ಬೀಳದಿರಲೆಂದು ತಲೆಕೆಳಗಾಗಿ ನೇತುಹಾಕುವುದೂ ಇತ್ತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ತೂಗಾಡುವವರಿಂದ ನೆಲಕ್ಕೆ ಗಾಯವಾಗಬಾರದೆಂದು ಹಿಂಗಾಲಿನ ತುದಿಯಲ್ಲಿ ಗುಳಿ ಕೊರೆದು, ಅದರಲ್ಲಿ ತಿರುಗುವ ಪುಟ್ಟ ಮರದ ಗೋಲಿಯನ್ನು ಕೂರಿಸುತ್ತಿದ್ದರು.

ಇವರು ಯಂತ್ರವನ್ನು ದೂರವಿಟ್ಟವರು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನಾನಿನಲ್ಲಿ ಅವರದೇ ಕುರ್ಚಿ ಕಾರ್ಖಾನೆ ಇತ್ತು. ಅಚ್ಚುಹಾಕಿಸಿದ ಬೆಲೆಪಟ್ಟಿ ಇತ್ತು. ಮಗುವಿನ ಕುರ್ಚಿಗೆ ಸೊನ್ನೆ, ಎಲ್ಲಕ್ಕಿಂತ ದೊಡ್ಡದಕ್ಕೆ 7, ಹೀಗೆ ಅಳತೆಗೊಂದು ಸಂಖ್ಯೆ. ಹೊರಗಿನವರು ನಕಲು ಮಾಡತೊಡಗಿದಾಗ ಚಿನ್ನದ ಬಣ್ಣದ ವ್ಯಾಪಾರ ಮುದ್ರೆಯನ್ನೂ ಅಂಟಿಸತೊಡಗಿದರು.

19ನೆಯ ಶತಮಾನದ ನಡುವಿನಲ್ಲಿ ಕೆಲವು ಸಾವಿರ ಮಂದಿಯಿದ್ದ ಈ ಪಂಥದಲ್ಲಿ ಈಗ ಉಳಿದಿರುವವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅವರು ಇರುವುದು ನ್ಯೂ ಗ್ಲಾಸ್ಟರಿನ ಸಬ್ಬತ್‌ಡೇ ಲೇಕ್ ಎಂಬಲ್ಲಿ. ಜನ ಕಡಿಮೆಯಾದಂತೆ ಅವರ ಸಾಮಾನಿನ ಬೆಲೆ ಏರಿತು. 1990ರಲ್ಲಿ ಟಿವಿ ತಾರೆ ಓಪ್ರಾ ವಿನ್‌ಫ್ರೀ ಶೇಕರರ ಒಂದು ಕೆಲಸದ ಮೇಜಿಗೆ 2 ಲಕ್ಷ 20 ಸಾವಿರ ಡಾಲರ್ ಕೊಟ್ಟರು. ಆಸ್ತಿಯೇ ಬೇಡವೆಂದವರು ಮಾಡಿದ ಮೇಜು ಅದು.

ಡೆನ್ಮಾರ್ಕಿನ ಬೋರ್ಯೆ ಮೊಗೆನ್ಸನ್ ಶೇಕರ್ ಕುರ್ಚಿಯಿಂದ ಸ್ಫೂರ್ತಿ ಪಡೆದು 1947ರಲ್ಲಿ ಸಾಮಾನ್ಯ ಜನ ಕೊಳ್ಳಬಹುದಾದ ಒಂದು ಕುರ್ಚಿಯನ್ನು ರೂಪಿಸಿದರು. ಅದು ಶೇಕರರಿಗೆ ಒಪ್ಪಿಗೆಯಾಗಬಹುದಾಗಿದ್ದ ಹೊಸತನ. ಇನ್ನೊಂದು ಕಡೆ, ಇಂದು ಅಮೆರಿಕದಲ್ಲಷ್ಟೇ ಏಕೆ, ನಮ್ಮ ನಗರಗಳ ಮಾಡ್ಯುಲರ್ ಕಿಚನ್ ಅಂಗಡಿಗಳಲ್ಲೂ 'ಶೇಕರ್ ಬಾಗಿಲು' ಎಂಬ ಮಾತು ಕೇಳುತ್ತದೆ. ಸುತ್ತ ನಾಲ್ಕು ಪಟ್ಟಿ, ನಡುವೆ ತಗ್ಗಿದ ಸಪಾಟಾದ ಹಲಗೆ, ಇಷ್ಟೇ ಅದರ ಗುರುತು. ಮೂಲದಲ್ಲಿ ಈ ಕಟ್ಟಿಗೆ ಒಂದು ಕಾರಣವಿತ್ತು. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಅಗಲವಾದ ಒಂದೇ ಹಲಗೆಯ ಬಾಗಿಲು ಮಾಡಿದರೆ ಆಷಾಢದಲ್ಲಿ ಮುಚ್ಚಲು ಬರುವುದಿಲ್ಲ, ಚೈತ್ರದಲ್ಲಿ ಸಂದು ಬಿಡುತ್ತದೆ. ಅದಕ್ಕೇ ನಡುವಿನ ಹಲಗೆಯನ್ನು ಅಂಟಿಸದೆ, ಚೌಕಟ್ಟಿನ ಕಾಲುವೆಯೊಳಗೆ ಸಡಿಲವಾಗಿ ಕೂರಿಸುತ್ತಿದ್ದರು. ಹಲಗೆ ಒಳಗೊಳಗೇ ಹಿಗ್ಗಿ ಕುಗ್ಗುತ್ತಿತ್ತು, ಬಾಗಿಲಿನ ಅಳತೆ ಬದಲಾಗುತ್ತಿರಲಿಲ್ಲ. ನಮ್ಮ ಹಳೆಯ ಮನೆಗಳ ಬಾಗಿಲುಗಳಲ್ಲೂ ಇದೇ ಉಪಾಯ ಕಾಣಬಹುದು. ಈಗಿನ ಅಗ್ಗದ ಶೇಕರ್ ಬಾಗಿಲು ಹೆಚ್ಚಾಗಿ ಮರದ ಹೊಟ್ಟು, ನಾರನ್ನು ಅಂಟಿನಲ್ಲಿ ಒತ್ತಿದ ಹಲಗೆ. ಅದಕ್ಕೆ ಈ ಚೌಕಟ್ಟಿನ ಅಗತ್ಯವೇ ಇಲ್ಲ. ಕೆಲವೆಡೆ ಒಂದೇ ಹಲಗೆಯ ಮೇಲೆ ಯಂತ್ರದಿಂದ ತಗ್ಗು ಕೊರೆದು ಚೌಕಟ್ಟಿನ ನೋಟ ತರುತ್ತಾರೆ. ರೂಪ ಉಳಿಯಿತು, ಕಾರಣ ಹೋಯಿತು.

ಮೂರನೆಯದು ಗುಸ್ಟಾವ್ ಸ್ಟಿಕ್ಲಿಯವರ ಮಿಷನ್ ಶೈಲಿ. ಸ್ಟಿಕ್ಲಿ 1858ರಿಂದ 1942ರವರೆಗೆ ಬದುಕಿದ್ದರು. ಕಾರ್ಖಾನೆಗಳು ಅಗ್ಗದ ಕೆತ್ತನೆಯ ಥಳುಕನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದ ಕಾಲದಲ್ಲಿ ಅವರು ಓಕ್ ಮರದ ದಪ್ಪ, ನೇರ, ಅಲಂಕಾರವಿಲ್ಲದ ಕುರ್ಚಿ ಮೇಜುಗಳನ್ನು ಮಾಡಿದರು. ಮರದ ತುದಿ ತೂತನ್ನು ದಾಟಿ ಹೊರಬಂದು ಕಾಣುವಂತೆ ಬಿಟ್ಟರು. ಜೋಡಣೆಯೇ ಅಲ್ಲಿ ಅಲಂಕಾರ.

ಅವರ ಮರ ಕೊಯ್ಯುವ ರೀತಿಯನ್ನು ಕೊಂಚ ವಿವರಿಸಬೇಕು. ದಿಮ್ಮಿಯನ್ನು ಮೇಲಿನಿಂದ ಕೆಳಕ್ಕೆ ಸುಮ್ಮನೆ ಪದರ ಪದರವಾಗಿ ಕೊಯ್ದರೆ ಹಲಗೆ ಹೆಚ್ಚು ಸಿಗುತ್ತದೆ, ಆದರೆ ಒಣಗುವಾಗ ದೋಣಿಯಂತೆ ಬಾಗುತ್ತದೆ. ಮೊದಲು ದಿಮ್ಮಿಯನ್ನು ನಾಲ್ಕು ಹೋಳು ಮಾಡಿ, ಆಮೇಲೆ ತಿರುಳಿನಿಂದ ತೊಗಟೆಯ ಕಡೆಗೆ ಹೋಗುವಂತೆ ಕೊಯ್ದರೆ ಮರ ಹೆಚ್ಚು ನಷ್ಟವಾಗುತ್ತದೆ, ಹಲಗೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಓಕ್ ಮರದಲ್ಲಿ ಹೀಗೆ ಕೊಯ್ದಾಗ ಹುಲಿಯ ಪಟ್ಟೆಯಂಥ ಮಿನುಗುವ ಗೆರೆಗಳೂ ಮೂಡುತ್ತವೆ. ಬಳಿಕ ಆ ಮರವನ್ನು ಮುಚ್ಚಿದ ಕೋಣೆಯಲ್ಲಿ ಅಮೋನಿಯಾ ಆವಿಗೆ ಒಡ್ಡುತ್ತಿದ್ದರು. ಓಕ್‌ನಲ್ಲಿರುವ ಒಗರಿನ ಅಂಶದೊಡನೆ ಆವಿ ಸೇರಿ ಮರವೇ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಮೇಲೆ ಬಳಿದ ಬಣ್ಣದಂತೆ ಇದು ಸುಲಿದು ಹೋಗುವುದಿಲ್ಲ.

ಸ್ಟಿಕ್ಲಿ 1901ರಿಂದ 1916ರವರೆಗೆ 'ದಿ ಕ್ರಾಫ್ಟ್ಸ್‌ಮನ್' ಎಂಬ ಮಾಸಪತ್ರಿಕೆ ನಡೆಸಿದರು. ಅದರಲ್ಲಿ ತಮ್ಮ ಸಾಮಾನುಗಳ ನಕ್ಷೆಗಳನ್ನೇ ಅಚ್ಚುಮಾಡಿ, ಬೇಕಾದವರು ಮನೆಯಲ್ಲೇ ಮಾಡಿಕೊಳ್ಳಲಿ ಎಂದರು. ವ್ಯಾಪಾರಿಯೊಬ್ಬ ಹೀಗೆ ಮಾಡುವುದು ಅಪರೂಪ. ಆದರೆ ನ್ಯೂಯಾರ್ಕಿನ ನಡುಮಧ್ಯೆ ದೊಡ್ಡ ಕಟ್ಟಡ ಹಿಡಿದು ಕೈಮೀರಿ ಖರ್ಚು ಮಾಡಿದರು, ಜನರ ರುಚಿಯೂ ಬದಲಾಯಿತು, 1915ರಲ್ಲಿ ದಿವಾಳಿಯಾದರು. ಅವರ ಸಾಮಾನು ಅಟ್ಟ ಸೇರಿತು. ಏಳು ದಶಕಗಳ ಬಳಿಕ, 1988ರಲ್ಲಿ, ಅವರ ಸ್ವಂತ ಮನೆಯಲ್ಲಿದ್ದ ಒಂದು ಊಟದ ಕೋಣೆಯ ಕಪಾಟನ್ನು ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ 3 ಲಕ್ಷ 63 ಸಾವಿರ ಡಾಲರಿಗೆ ಹರಾಜಿನಲ್ಲಿ ಕೊಂಡರು. ಮರುವರ್ಷವೇ, 1989ರಲ್ಲಿ, ಅವರ ತಮ್ಮಂದಿರು ಸ್ಥಾಪಿಸಿದ್ದ ಕಂಪೆನಿ ಹಳೆಯ ಮಿಷನ್ ಮಾದರಿಗಳನ್ನು ಮತ್ತೆ ತಯಾರಿಸತೊಡಗಿತು. ಹಳೆಯ ನಮೂನೆ ಮರಳಿ ಬಂತು, ಆದರೆ ಎಲ್ಲರ ಕೈಗೆಟಕುವ ಬೆಲೆಯಲ್ಲಲ್ಲ. ಗಟ್ಟಿ ಕೆಲಸ ಅಗ್ಗವಾಗದು, ಅಗ್ಗವಾಗದ್ದು ಬಡವನ ಮನೆಗೆ ಬಾರದು. ಈ ತೊಡಕನ್ನು ಸ್ಟಿಕ್ಲಿ ಬಿಡಿಸಲಾಗಲಿಲ್ಲ, ಅವರ ನಂತರದವರಿಗೂ ಅದು ಸುಲಭವಾಗಲಿಲ್ಲ.

ಆದರೆ ಬಡವನ ಕೈಗೂ ಎಟಕುವ ಒಂದು ಕುರ್ಚಿ ಅಮೆರಿಕದಲ್ಲಿ ಹುಟ್ಟಿತು. 1903ರ ಬೇಸಗೆಯಲ್ಲಿ ಥಾಮಸ್ ಲೀ ಎಂಬವರು ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ಬಳಿಯ ವೆಸ್ಟ್‌ಪೋರ್ಟಿನಲ್ಲಿ ತಮ್ಮ ಬೇಸಗೆ ಮನೆಗೆ ಹೊರಾಂಗಣದ ಕುರ್ಚಿ ಬೇಕೆಂದು ಹಲಗೆಗಳನ್ನು ಕತ್ತರಿಸಿ ಜೋಡಿಸಿದರು. ಒಂದೊಂದು ಮಾದರಿಯಲ್ಲೂ ಮನೆಯವರನ್ನು ಕೂರಿಸಿ, ಅವರು ಹೇಳಿದಂತೆ ತಿದ್ದಿದರು. ಕೊನೆಗೆ ನಿಂತದ್ದು ಹನ್ನೊಂದು ಹಲಗೆಯ ಕುರ್ಚಿ. ಕೂರುವ ಹಲಗೆ ಹಿಂದಕ್ಕೆ ಇಳಿಜಾರು, ಬೆನ್ನು ಒರಗಿಕೊಂಡಂತೆ ಓರೆ, ಕೈ ಇಡುವ ಹಲಗೆ ತಟ್ಟೆ ಲೋಟ ಇಡುವಷ್ಟು ಅಗಲ. ಬೆಟ್ಟದ ಇಳಿಜಾರಿನಲ್ಲೂ ಅದರಲ್ಲಿ ಸುಖವಾಗಿ ಕೂರಬಹುದು.

ಊರಿನ ಬಡಗಿ ಹ್ಯಾರಿ ಬನಲ್ ಅವರಿಗೆ ಚಳಿಗಾಲದಲ್ಲಿ ಕೆಲಸವಿರಲಿಲ್ಲ. ಮಾಡಿ ಮಾರಿಕೊಳ್ಳಲಿ ಎಂದು ಲೀ ಆ ನಮೂನೆಯನ್ನು ಅವರಿಗೆ ಕೊಟ್ಟರು. ಬನಲ್ 1905ರಲ್ಲಿ ತಮ್ಮ ಹೆಸರಿನಲ್ಲೇ ಪೇಟೆಂಟ್ ಪಡೆದರು. ಕೊಟ್ಟವರ ಹೆಸರು ಕಾಗದದಲ್ಲಿ ಬರಲಿಲ್ಲ. ಇಂಥದ್ದು ನಮ್ಮಲ್ಲೂ ನಡೆಯುತ್ತದಲ್ಲವೇ? ಮುಂದೆ ಇತರರು ಅದನ್ನು ಸರಳಗೊಳಿಸಿದರು. ಅಗಲ ಹಲಗೆ ಸಿಗುವುದು ಕಷ್ಟವಾದಾಗ ಸಣ್ಣ ಪಟ್ಟಿಗಳನ್ನು ಬೀಸಣಿಗೆಯಂತೆ ಜೋಡಿಸಿದರು. ಅದೇ ಇಂದು ಎಲ್ಲೆಡೆ ಕಾಣುವ ಅಡಿರಾಂಡಾಕ್ ಕುರ್ಚಿ. ಅದರ ಹೊಸ ರೂಪ ಪ್ಲಾಸ್ಟಿಕ್ಕಿನದು. ಹಾಲಿನ ಡಬ್ಬಿಯಂಥ ಬಳಸಿ ಬಿಟ್ಟ ಪ್ಲಾಸ್ಟಿಕ್ಕನ್ನು ಕರಗಿಸಿ ಹಲಗೆಯಾಗಿ ಎರಕ ಹೊಯ್ದು, ಮರದಂತೆಯೇ ಕತ್ತರಿಸಿ ಸ್ಕ್ರೂ ಹಾಕುತ್ತಾರೆ. ಮಳೆಗೆ ಕೊಳೆಯದು, ಗೆದ್ದಲು ಹತ್ತದು, ವರ್ಷವರ್ಷ ಬಣ್ಣ ಬಳಿಯುವ ಕೆಲಸವಿಲ್ಲ. ಆದರೆ ಮರಕ್ಕಿಂತ ಭಾರ, ಬಿಸಿಲಿಗೆ ಕಾಯುತ್ತದೆ. ಹಲಗೆ ಮುರಿದರೆ ಊರ ಬಡಗಿಯಲ್ಲಿ ಅದಕ್ಕೆ ಬದಲಿ ಸಿಗದು.

ಪ್ಲಾಸ್ಟಿಕ್ ಬಳಕೆಯ ಇನ್ನೊಂದು ಉದಾಹರಣೆ ನೌಕಾಪಡೆಯ ಕುರ್ಚಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಎಮೆಕೊ ಎಂಬ ಕಂಪೆನಿ ಯುದ್ಧನೌಕೆಗಳಿಗಾಗಿ ಅಲ್ಯುಮಿನಿಯಂ ಕುರ್ಚಿ ತಯಾರಿಸಿತು. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದು, ಹಗುರವಾಗಿರಬೇಕು, ನಾವಿಕರು ಎಷ್ಟು ಒರಟಾಗಿ ಬಳಸಿದರೂ ಮುರಿಯಬಾರದು ಎಂಬುದು ಬೇಡಿಕೆ. ಒಂದು ಕುರ್ಚಿ 77 ಹಂತಗಳನ್ನು ದಾಟಿ ಬರುತ್ತದೆ. 2010ರಲ್ಲಿ ಅದೇ ಆಕಾರದ ಕುರ್ಚಿಯನ್ನು ಅದೇ ಕಂಪೆನಿ ಕೋಕಾ ಕೋಲಾ ಜೊತೆಗೂಡಿ ಬಳಸಿದ ಬಾಟಲಿಗಳಿಂದ ಮಾಡಿತು. ಒಂದು ಕುರ್ಚಿಗೆ ಕನಿಷ್ಠ 111 ಬಾಟಲಿ. ಹೆಸರೂ 111 ಎಂದೇ. ಬಾಟಲಿಯ ಆಯುಷ್ಯ ಒಂದು ಗುಟುಕಿನದು, ಕುರ್ಚಿಯದು ವರ್ಷಗಳದು. ಕಸಕ್ಕೆ ಇದು ಒಳ್ಳೆಯ ಬಳಕೆಯೇ. ಆದರೆ ಇದನ್ನು ಮುಂದಿಟ್ಟುಕೊಂಡು ಬಾಟಲಿ ಎಸೆಯುವುದು ತಪ್ಪಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

ಈಗ ಭಾರತಕ್ಕೂ ನಂಟಿರುವ ಇಬ್ಬರ ಕತೆಗೆ ಬರೋಣ. ಒಂದು, ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳದು. ಯುದ್ಧಕಾಲದಲ್ಲಿ ಅವರು ಗಾಯಾಳು ಸೈನಿಕರ ಮುರಿದ ಕಾಲಿಗೆ ಕಟ್ಟುವ ಪಟ್ಟಿಯನ್ನು ಪ್ಲೈವುಡ್ಡಿನಿಂದ ಮಾಡಿದರು. ತೆಳ್ಳನೆಯ ಮರದ ಪದರಗಳಿಗೆ ಅಂಟು ಹಚ್ಚಿ, ಬಿಸಿ ಮತ್ತು ಒತ್ತಡದಿಂದ ಕಾಲಿನ ಆಕಾರಕ್ಕೆ ಬಾಗಿಸುವ ವಿದ್ಯೆ ಅದು. ಸುಮಾರು 1 ಲಕ್ಷ 50 ಸಾವಿರ ಪಟ್ಟಿಗಳು ತಯಾರಾದವು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯಿಂದ ಕುರ್ಚಿ ಮಾಡಿದರು. 1999ರಲ್ಲಿ 'ಟೈಮ್' ಪತ್ರಿಕೆ ಅದನ್ನು ಶತಮಾನದ ಅತ್ಯುತ್ತಮ ವಿನ್ಯಾಸವೆಂದು ಕರೆಯಿತು. 1950ರಲ್ಲಿ ಅಗ್ಗದ ಫೈಬರ್‌ಗ್ಲಾಸ್ ಕುರ್ಚಿ ಬಂತು. ಫೈಬರ್‌ಗ್ಲಾಸ್ ತಯಾರಿಕೆ ಪರಿಸರಕ್ಕೆ ಹಾನಿಕರ ಎಂದು ಅದನ್ನು ಮುಂದೆ ನಿಲ್ಲಿಸಲಾಯಿತು. 2001ರಲ್ಲಿ ಅದೇ ಆಕಾರ ಬೇರೆ ಬಗೆಯ ಪ್ಲಾಸ್ಟಿಕ್ಕಿನಲ್ಲಿ ಮರಳಿತು. ಹೊಗೆ ಕಡಿಮೆಯಿರುವ ಹೊಸ ವಿಧಾನ ಸಿಕ್ಕಿದ ಮೇಲೆ 2013ರಲ್ಲಿ ಫೈಬರ್‌ಗ್ಲಾಸೂ ಮರಳಿತು.

1956ರ ಅವರ ದೊಡ್ಡ ಒರಗುಕುರ್ಚಿಗೆ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿದ್ದರು. ವಯನಾಡು, ನೀಲಗಿರಿಯ ಕೇಳುಗರಿಗೆ ಪರಿಚಿತವಾದ ಬೀಟೆ ಮರದ ದಾಯಾದಿ ಅದು. ಕಾಡು ಬರಿದಾದ್ದರಿಂದ 1992ರಲ್ಲಿ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ತಡೆ ಬಿತ್ತು. ತಯಾರಕರು ಬೆಳೆಸಿದ ಮರಗಳ ಪದರಕ್ಕೆ ತಿರುಗಿದರು. ನೋಟದಲ್ಲಿ ಕೊಂಚ ಬದಲಾವಣೆಯಾಯಿತು, ಕೂತವರ ಬೆನ್ನಿಗೆ ಏನೂ ತಿಳಿಯಲಿಲ್ಲ.

ಈ ದಂಪತಿಗಳು ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿಗೆ ಬಂದು, ದೇಶ ಸುತ್ತಿ, 1958ರಲ್ಲಿ ಒಂದು ವರದಿ ಕೊಟ್ಟರು. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾದದ್ದು ಅದರ ಫಲ. ಭಾರತದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಅತಿ ಚೆಲುವಾದದ್ದು ಎಂದು ಆ ವರದಿಯಲ್ಲಿ ಅವರು ಹೊಗಳಿದ್ದು ಯಾವುದನ್ನು ಗೊತ್ತೇ? ನಮ್ಮ ನೀರಿನ ಚೊಂಬನ್ನು. ಅದರ ಬಾಯಿ ಎಷ್ಟಗಲ ಇರಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ತುಂಬಿದಾಗ ಬರಿದಾದಾಗ ತೂಕ ಹೇಗೆ ನಿಲ್ಲಬೇಕು, ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಹಳತಾದರೆ ಲೋಹಕ್ಕೆ ಎಷ್ಟು ಬೆಲೆ ಬರುತ್ತದೆ ಎಂಬಂಥ ಪ್ರಶ್ನೆಗಳನ್ನು ಅವರು ಪಟ್ಟಿ ಮಾಡಿದರು. ಯಾರೋ ಒಬ್ಬ ಜಾಣ ಕೂತು ಅದನ್ನು ರೂಪಿಸಲಿಲ್ಲ, ತಲೆಮಾರುಗಳ ಬಳಕೆ ಅದನ್ನು ತಿದ್ದಿತು ಎಂಬುದು ಅವರ ಅಭಿಪ್ರಾಯ.

ಎರಡನೆಯವರು ಜಾರ್ಜ್ ನಕಾಶಿಮಾ. ಜಪಾನಿ ತಂದೆತಾಯಿಗೆ ಅಮೆರಿಕದಲ್ಲಿ 1905ರಲ್ಲಿ ಹುಟ್ಟಿದವರು, ಓದಿದ್ದು ವಾಸ್ತುಶಿಲ್ಪ. 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಸಾಧಕರ ವಸತಿಗೃಹ ಕಟ್ಟುವ ಕೆಲಸವನ್ನು ಸ್ಥಳದಲ್ಲಿದ್ದು ನೋಡಿಕೊಂಡರು. ಹೈದರಾಬಾದಿನ ದಿವಾನರಾಗಿದ್ದ ಸರ್ ಅಕ್ಬರ್ ಹೈದರಿಯವರು ನಿಜಾಮರಿಂದ ಹಣ ಕೊಡಿಸಿದ್ದರಿಂದ ಆ ಕಟ್ಟಡಕ್ಕೆ ಗೋಲ್ಕೊಂಡ ಎಂದೇ ಹೆಸರು. ತೆಲಂಗಾಣದ ನಮ್ಮ ಕೇಳುಗರಿಗೆ ಇದು ಹೆಮ್ಮೆಯ ಸಂಗತಿ. ಶ್ರೀ ಅರವಿಂದರು ನಕಾಶಿಮಾ ಅವರಿಗೆ ಸುಂದರಾನಂದ ಎಂಬ ಹೆಸರಿಟ್ಟರು.

ಯುದ್ಧಕಾಲದಲ್ಲಿ, 1942ರಲ್ಲಿ, ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಅಮೆರಿಕ ಸರ್ಕಾರ ಅವರನ್ನು, ಅವರ ಹೆಂಡತಿ ಮತ್ತು ಹಸುಗೂಸನ್ನು ಐಡಹೋದ ಬಂಧನ ಶಿಬಿರಕ್ಕೆ ಕಳಿಸಿತು. ಅಲ್ಲಿ ಗೆಂಟಾರೊ ಹಿಕೊಗಾವ ಎಂಬ ಹಿರಿಯ ಬಡಗಿಯಿಂದ, ಸಿಕ್ಕಿದ ಚೂರುಪಾರು ಮರದಲ್ಲೇ ಜಪಾನಿ ಕೈಗೆಲಸ ಕಲಿತರು. ಬಿಡುಗಡೆಯಾದ ಮೇಲೆ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿ, ವಿಂಡ್ಸರ್ ಕುರ್ಚಿಯ ಕಡ್ಡಿಬೆನ್ನನ್ನೇ ಹಿಡಿದು ಹೊಸ ಕುರ್ಚಿಗಳನ್ನು ಮಾಡಿದರು. ತನ್ನನ್ನು ಬಂಧಿಸಿದ ನಾಡಿನ ಹಳೆಯ ಕುರ್ಚಿಯನ್ನು ಅವರು ಪ್ರೀತಿಯಿಂದ ಮುಂದುವರಿಸಿದರು. ಬೇರೆಯವರು ಎಸೆಯುವ ಬಿರುಕುಬಿಟ್ಟ ಹಲಗೆಗಳನ್ನು ಆರಿಸಿ, ಬಿರುಕು ಮುಂದೆ ಹೋಗದಂತೆ ಚಿಟ್ಟೆಯಾಕಾರದ ಮರದ ತುಂಡನ್ನು ಅಡ್ಡ ಕೂರಿಸಿ ಮೇಜು ಮಾಡುತ್ತಿದ್ದರು. 1964ರಲ್ಲಿ ಅಹಮದಾಬಾದಿನ ಸಂಸ್ಥೆಗೂ ಬಂದು ಪೀಠೋಪಕರಣ ವಿನ್ಯಾಸ ಮಾಡಿಕೊಟ್ಟರು. 1990ರಲ್ಲಿ ತೀರಿಕೊಂಡರು. ಶಿಬಿರದಲ್ಲಿ ಹಸುಗೂಸಾಗಿದ್ದ ಮಗಳು ಮೀರಾ, ತಂದೆಯ ಬಳಿಕ ಆ ಕಾರ್ಯಾಗಾರವನ್ನು ಮುನ್ನಡೆಸಿದರು.

ಇಷ್ಟೆಲ್ಲ ಕೇಳಿ ಅಮೆರಿಕದವರು ಹಳೆಯದನ್ನು ಬಹಳ ಜೋಪಾನ ಮಾಡುತ್ತಾರೆಂದು ತಿಳಿಯಬೇಡಿ. ಅಲ್ಲಿನ ಪರಿಸರ ಇಲಾಖೆಯ ಲೆಕ್ಕದಂತೆ 1960ರಲ್ಲಿ ಕಸಕ್ಕೆ ಹೋದ ಪೀಠೋಪಕರಣ ಸುಮಾರು 22 ಲಕ್ಷ ಟನ್. 2018ರಲ್ಲಿ ಅದು 1 ಕೋಟಿ 21 ಲಕ್ಷ ಟನ್ನಿಗೆ ಏರಿತ್ತು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಗುಂಡಿಗೆ ಬಿತ್ತು. ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುವ, ಒತ್ತಿದ ಹೊಟ್ಟಿನ ಹಲಗೆಯ ಸಾಮಾನು ಒಮ್ಮೆ ಜೋಡಿಸಿದರೆ ಸರಿ, ಮನೆ ಬದಲಿಸುವಾಗ ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ಹಿಡಿಯುವುದಿಲ್ಲ. ನೀರು ತಾಗಿದರೆ ರೊಟ್ಟಿಯಂತೆ ಉಬ್ಬುತ್ತದೆ. ಕಾಸರಗೋಡಿನ ಮಳೆಗೆ, ಗೋವಾದ ಉಪ್ಪುಗಾಳಿಗೆ ಅದು ಎಷ್ಟು ದಿನ ಎಂಬುದನ್ನು ನೀವೇ ಊಹಿಸಿ. ಈಚೆಗೆ ಹಳೆಯ ಕೊಟ್ಟಿಗೆಗಳ ತೊಲೆ, ಹಲಗೆ ಬಿಚ್ಚಿ ಮೇಜು ಮಾಡಿಸುವ ಒಲವು ಅಲ್ಲಿ ಬೆಳೆದಿರುವುದು ಈ ಬೇಸರದಿಂದಲೇ. ಆದರೆ ಅದಕ್ಕೂ ಬೇಡಿಕೆ ಹೆಚ್ಚಿದಾಗ ಹೊಸ ಹಲಗೆಗೆ ಹಳೆಯ ಗೀರು ಎಳೆದು ಮಾರುವವರು ಹುಟ್ಟಿಕೊಂಡರು.

ಹಾಗಾದರೆ ನಿಮ್ಮ ಮನೆಯ ಹಳೆಯ ಸಾಮಾನಿಗೆ ಹೊಸ ರೂಪ ಕೊಡುವಾಗ ಅಥವಾ ಹೊಸದನ್ನು ಕೊಳ್ಳುವಾಗ ಏನನ್ನು ನೋಡಬೇಕು? ಮೇಲಿನ ಕತೆಗಳಿಂದ ಕೆಲವು ಪ್ರಶ್ನೆಗಳನ್ನು ಹೆಕ್ಕಿಕೊಳ್ಳಬಹುದು.

ಮೊದಲನೆಯದು, ಈ ರೂಪ ಹೀಗೇಕಿದೆ ಎಂದು ಕೇಳಿ. ಶೇಕರ್ ಬಾಗಿಲಿನ ಚೌಕಟ್ಟಿನಂತೆ ಪ್ರತಿ ಭಾಗಕ್ಕೂ ಒಂದು ಕಾರಣವಿರುತ್ತದೆ. ಕಾರಣ ಗೊತ್ತಿದ್ದರೆ ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಎಂಬುದು ತಿಳಿಯುತ್ತದೆ. ಎರಡನೆಯದು, ಜೋಡಣೆ ಬಿಚ್ಚಲು ಬರುತ್ತದೆಯೇ ನೋಡಿ. ಬೆಣೆ, ಗೂಟದಿಂದ ಜೋಡಿಸಿದ್ದನ್ನು ಬಿಚ್ಚಿ ಒಂದು ಕಾಲು ಮಾತ್ರ ಬದಲಿಸಬಹುದು. ಅಂಟಿಸಿ ಒತ್ತಿದ್ದನ್ನು ಎಸೆಯಬೇಕಾಗುತ್ತದೆ. ಮೂರನೆಯದು, ಮರಕ್ಕೆ ಉಸಿರಾಡಲು ಜಾಗವಿದೆಯೇ? ಅಗಲದ ಹಲಗೆಯನ್ನು ನಾಲ್ಕೂ ಕಡೆ ಬಿಗಿದರೆ ಒಂದಲ್ಲ ಒಂದು ಮಳೆಗಾಲದಲ್ಲಿ ಅದು ಸೀಳುತ್ತದೆ. ನಾಲ್ಕನೆಯದು, ಕೆಟ್ಟರೆ ರಿಪೇರಿ ಮಾಡುವವರು ನಿಮ್ಮ ಊರಿನಲ್ಲಿದ್ದಾರೆಯೇ? ಕೊನೆಯದು, ನಿಮ್ಮ ಮನೆಯವರನ್ನು ಅದರಲ್ಲಿ ಕೂರಿಸಿ ನೋಡಿ. ಥಾಮಸ್ ಲೀ ಮಾಡಿದ್ದು ಇಷ್ಟೇ. ಅಜ್ಜಿಗೆ ಏಳಲು ಕೈಯಾಸರೆ ಬೇಕು, ಮಗುವಿಗೆ ಕಾಲು ನೆಲಕ್ಕೆ ತಾಗಬೇಕು. ಕುರ್ಚಿ ಫೋಟೋದಲ್ಲಿ ಹೇಗೆ ಕಾಣುತ್ತದೆ ಎಂಬುದು ಆಮೇಲಿನ ಮಾತು.

ಹಳೆಯದೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಹುಳ ತಿಂದು ಪುಡಿಯಾದ ಮಂಚವನ್ನು ಭಕ್ತಿಯಿಂದ ಇಟ್ಟುಕೊಂಡರೆ ಹುಳ ಬಾಗಿಲಿಗೂ ಹಬ್ಬೀತು. ಹಳೆಯ ಮಂಚದ ನಾಲ್ಕು ಕಾಲು ಗಟ್ಟಿಯಿದ್ದರೆ ಅದೊಂದು ಬೆಂಚಾಗಬಹುದು. ಬಾಗಿಲಿನ ಹಲಗೆ ಚೆನ್ನಾಗಿದ್ದರೆ ಮಕ್ಕಳ ಓದುವ ಮೇಜಾಗಬಹುದು. ಗಡಿಯಾಚೆಯ ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೂ ಒಂದು ಕಾರಣವುಂಟು. ಬೆಣೆ, ಗೂಟ, ತೊಲೆ, ಅಗುಳಿ ಎಂಬ ಮಾತುಗಳು ನಮ್ಮ ಮಕ್ಕಳ ಕಿವಿಗೆ ಬೀಳುವುದು ಆ ವಸ್ತುಗಳು ಮನೆಯಲ್ಲಿದ್ದರೆ, ಅವನ್ನು ಮಾಡುವವರು ಊರಿನಲ್ಲಿದ್ದರೆ. ಅವರ ಶಾಲೆಯ ಪುಸ್ತಕದಲ್ಲಿ ಆ ಮಾತುಗಳು ಸಿಗಲಾರವು.

ಆದ್ದರಿಂದ ಗುಜರಿಯವನು ಬಾಗಿಲಿಗೆ ಬಂದಾಗ ತೂಕಕ್ಕೆ ಹಾಕುವ ಮೊದಲು ಆ ಕುರ್ಚಿಯನ್ನು ಒಮ್ಮೆ ಮಗುಚಿ ಹಾಕಿ ಅಡಿಯಿಂದ ನೋಡಿ. ಊರಿನ ಬಡಗಿಗೂ ಒಮ್ಮೆ ತೋರಿಸಿ, ಅವರೇನು ಹೇಳುತ್ತಾರೋ ಕೇಳಿ. ಆಮೇಲೆ ಮಾರುವುದಾದರೆ ಮಾರಿ.